ಮೂರು-ನಾಲ್ಕು ದಿನದ ಸ್ಕೀ: ಫ್ರಾನ್ಸ್‌ನಲ್ಲಿ ಕಡಿಮೆ ಖರ್ಚಿನ ಪುಟ್ಟ ಹಳ್ಳಿ ಯಾವುದು?

ಹಾಸನದ ಹುಡುಗ

ಎಲ್ಲರಿಗೂ ನಮಸ್ಕಾರ. ನಾನು, ನನ್ನ ಹೆಂಡತಿ ಪ್ಯಾರಿಸ್‌ನಲ್ಲಿದ್ದೇವೆ. ಜನವರಿಯಲ್ಲಿ ಅಪ್ಪ ಅಮ್ಮ ಊರಿಂದ ಬರುತ್ತಾರೆ. ಅವರಿಗೆ ಹಿಮ ನೋಡಬೇಕು, ನಮಗೆ ಸ್ಕೀ ಕಲಿಯಬೇಕು. ಗುರುವಾರ ಹೊರಟು ಭಾನುವಾರ ರಾತ್ರಿ ಮನೆ ಸೇರಬೇಕು. ಕಾರಿಲ್ಲ. ಆಫೀಸಿನಲ್ಲಿ ಯಾರನ್ನು ಕೇಳಿದರೂ ವಾಲ್ ತೊರಾನ್ಸ್, ಕೂರ್ಶೆವೆಲ್ ಅಂತ ದೊಡ್ಡ ಸ್ಕೀ ರೆಸಾರ್ಟ್‌ಗಳ ಹೆಸರೇ ಹೇಳುತ್ತಾರೆ. ಅಲ್ಲಿಯ ರೂಮಿನ ಬಾಡಿಗೆ ನೋಡಿದ ಮೇಲೆ, ಮನೆಯಲ್ಲೇ ಫ್ರಿಜ್ ಬಾಗಿಲು ತೆಗೆದು ಅದರ ಮುಂದೆ ಕೂರೋಣ ಅನ್ನಿಸಿತು.

ಚಿಕ್ಕ ಊರಾಗಬೇಕು, ರೈಲಿನಲ್ಲಿ ಹೋಗುವಂತಿರಬೇಕು, ಜೇಬಿಗೆ ಭಾರ ಆಗಬಾರದು. ಅಮ್ಮನಿಗೆ ಮಂಡಿ ನೋವು. ಅಪ್ಪ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಹೋಗಿ ಬಂದವರು ದಯವಿಟ್ಟು ಹೇಳಿ.

ಗ್ರೆನೋಬಲ್ ಅಕ್ಕ

ಓಸ್ವಾಗೆ ಹೋಗಿ. ಸವ್ವಾ ಪ್ರಾಂತ್ಯದ ಮೋರಿಯೆನ್ ಕಣಿವೆಯಲ್ಲಿ, ಇಟಲಿ ಗಡಿಗೆ ಹತ್ತಿರ, 1,500 ಮೀಟರ್ ಎತ್ತರದಲ್ಲಿರುವ ಹಳ್ಳಿ. ಚರ್ಚು, ಕಲ್ಲಿನ ಮನೆಗಳು, ಬ್ರೆಡ್ ಅಂಗಡಿ, ಒಂದೆರಡು ದಿನಸಿ ಅಂಗಡಿ. ಸ್ಕೀ ಬರುವ ಮುಂಚೆಯೂ ಅಲ್ಲಿ ಜನ ದನ ಸಾಕಿಕೊಂಡು ಬದುಕುತ್ತಿದ್ದರು. ಅದು ನೋಡಿದ ಕೂಡಲೇ ಗೊತ್ತಾಗುತ್ತದೆ. 1960-70ರ ದಶಕದಲ್ಲಿ ಸರ್ಕಾರವೇ ಮುಂದೆ ನಿಂತು ಖಾಲಿ ಬೆಟ್ಟದ ಮೇಲೆ ಸಿಮೆಂಟಿನ ದೊಡ್ಡ ದೊಡ್ಡ ರೆಸಾರ್ಟ್ ಕಟ್ಟಿಸಿತಲ್ಲ, ಆ ಥರದ್ದಲ್ಲ ಇದು.

ನಿಮಗೆ ಇದನ್ನೇ ಹೇಳಲು ಮೊದಲ ಕಾರಣ ಬಿಸಿಲು. ಊರು ದಕ್ಷಿಣಕ್ಕೆ ಮುಖ ಮಾಡಿ ಕೂತಿದೆ. ಜನವರಿಯಲ್ಲಿ ಆಲ್ಪ್ಸ್‌ನ ಎಷ್ಟೋ ಕಣಿವೆಗಳಲ್ಲಿ ಮಧ್ಯಾಹ್ನವೂ ಬೆಟ್ಟದ ನೆರಳೇ. ಕಲಿಯುವವರು ಅರ್ಧ ಹೊತ್ತು ಬಿದ್ದೇ ಇರುತ್ತಾರೆ. ನೆರಳಿನಲ್ಲಿ ಬಿದ್ದಿರುವುದಕ್ಕೂ ಬಿಸಿಲಿನಲ್ಲಿ ಬಿದ್ದಿರುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಅಪ್ಪ ಅಮ್ಮನಿಗಂತೂ ಹೊರಗೆ ಬೆಂಚಿನ ಮೇಲೆ ಕೂತು ಬಿಸಿ ಚಾಕೊಲೇಟ್ ಕುಡಿಯುವ ಹಾಗಿರಬೇಕು, ಅಲ್ವಾ?

ಎರಡನೆಯದು ದುಡ್ಡು. ಓಸ್ವಾದಲ್ಲಿ ಪಿಸ್ತ್‌ಗಳ, ಅಂದರೆ ಸ್ಕೀಯಲ್ಲಿ ಇಳಿಯುವ ದಾರಿಗಳ, ಒಟ್ಟು ಉದ್ದ ಸುಮಾರು 55 ಕಿಲೋಮೀಟರ್. ನಿಮ್ಮ ಆಫೀಸಿನವರು ಹೇಳುವ ವಾಲ್ ತೊರಾನ್ಸ್, ಕೂರ್ಶೆವೆಲ್ ಸೇರಿರುವ ತ್ರ್ವಾ ವಾಲೆ ಸ್ಕೀ ಪ್ರದೇಶದಲ್ಲಿ ಸುಮಾರು 600. ಬೆಟ್ಟ ಹತ್ತಿಸುವ ಲಿಫ್ಟ್‌ಗಳ ಪಾಸ್‌ನ ದರ ಏರುವುದು ಈ ಲೆಕ್ಕದ ಮೇಲೆ. ಮೊದಲ ಸಲ ಸ್ಕೀ ಹಾಕುವವರಿಗೆ ಬೇಕಾಗುವುದು ಒಂದು ಇನ್ನೂರು ಮೀಟರ್ ಸಪಾಟು ಇಳಿಜಾರು. ಉಳಿದ ಕಿಲೋಮೀಟರ್‌ಗಳಿಗೆ ನೀವೇಕೆ ದುಡ್ಡು ಕೊಡಬೇಕು?

ಮೂರನೆಯದು ರೈಲು. ಪ್ಯಾರಿಸ್‌ನ ಗಾರ್ ದ ಲಿಯೋಂ ನಿಲ್ದಾಣದಿಂದ ಮಿಲಾನ್ ಕಡೆ ಹೋಗುವ ಟಿಜಿವಿ ಅನ್ನುವ ವೇಗದ ರೈಲು ಮೊಡಾನ್‌ನಲ್ಲಿ ನಿಲ್ಲುತ್ತದೆ. ನಾಲ್ಕು ಗಂಟೆ ಮೇಲೆ ಸ್ವಲ್ಪ. ಅಲ್ಲಿಂದ ಓಸ್ವಾ ಏಳೆಂಟು ಕಿಲೋಮೀಟರ್, ಬಸ್ಸಿದೆ. ರೈಲಿನ ಟಿಕೆಟ್ ತೆಗೆಯುವ ಮುಂಚೆ ಬಸ್ಸಿನ ವೇಳೆ ನೋಡಿಕೊಳ್ಳಿ. ಈ ಮಾರ್ಗದಲ್ಲಿ 2023ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು, ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ರೈಲೇ ಇರಲಿಲ್ಲ. 2025ರ ಮಾರ್ಚ್ ಕೊನೆಗೆ ಮತ್ತೆ ಶುರುವಾಯಿತು. ಹಳೆಯ ಲೇಖನಗಳಲ್ಲಿ 'ರೈಲಿಲ್ಲ' ಅಂತ ಓದಿದರೆ ಗಾಬರಿ ಆಗಬೇಡಿ.

ಜಿನೀವಾ ಗಡಿಯವ

ಅಕ್ಕ ಹೇಳಿದ್ದು ಕಲಿಯುವವರಿಗೆ ಸರಿ. ಆದರೆ ಈ ಎಳೆಯನ್ನು ಸ್ಕೀ ಬರುವವರೂ ಓದುತ್ತಾರೆ, ಅದಕ್ಕೆ ಹೇಳುತ್ತಿದ್ದೇನೆ. ಚೆನ್ನಾಗಿ ಸ್ಕೀ ಮಾಡುವವರಿಗೆ 55 ಕಿಲೋಮೀಟರ್ ಎರಡನೇ ದಿನಕ್ಕೇ ಮುಗಿದುಹೋಗುತ್ತದೆ. ದಕ್ಷಿಣಾಭಿಮುಖ ಅನ್ನುವುದು ಕೂಡ ಎರಡು ಕಡೆ ಹರಿತವಿರುವ ಕತ್ತಿ. ಮಾರ್ಚ್‌ನಲ್ಲಿ ಬೆಳಿಗ್ಗೆ ಗಾಜಿನಂಥ ಐಸು, ಮಧ್ಯಾಹ್ನ ಕೆಳಗಿನ ಪಿಸ್ತ್‌ಗಳಲ್ಲಿ ಕೆಸರಿನಂಥ ಹಿಮ. ಡಿಸೆಂಬರ್‌ನಲ್ಲಿ ಹಿಮ ತಡವಾದರೆ ಊರಿನ ಮಟ್ಟದಲ್ಲಿ ಹುಲ್ಲು ಕಾಣುತ್ತದೆ.

ಗ್ರೆನೋಬಲ್ ಅಕ್ಕ

ಒಪ್ಪುತ್ತೇನೆ. ಆದರೆ ಪಿಸ್ತ್‌ಗಳು 2,750 ಮೀಟರ್‌ವರೆಗೆ ಹೋಗುತ್ತವೆ, ಮೇಲೆ ಹಿಮ ನಿಲ್ಲುತ್ತದೆ. ಇವರು ಹೋಗುತ್ತಿರುವುದು ಜನವರಿಯಲ್ಲಿ. ಮಾರ್ಚ್‌ನಲ್ಲಿ ಹೋಗುವವರು ಹತ್ತು ಗಂಟೆಗೆ ಇಳಿದು ಎರಡಕ್ಕೆ ಮುಗಿಸಿದರಾಯಿತು.

ಸ್ಕೀ ಬರುವವರಿಗೆ ಅದೇ ಕಣಿವೆಯಲ್ಲಿ ಇನ್ನೂ ಮೇಲಕ್ಕೆ ವಾಲ್ ಸೆನಿ ಇದೆ, ಓಸ್ವಾದ ಎರಡರಷ್ಟು ದೊಡ್ಡದು. ಅಲ್ಲಿ 'ಎಸ್ಕಾರ್ಗೊ' ಅಂತ ಹತ್ತು ಕಿಲೋಮೀಟರ್ ಉದ್ದದ ಹಸಿರು ಪಿಸ್ತ್, ಅಂದರೆ ಅತಿ ಸುಲಭದ್ದು, ಇದೆ. ಮೋಂ ಸೆನಿ ಕಣಿವೆದಾರಿಯ ಹತ್ತಿರ ಶುರುವಾಗಿ ಊರಿನವರೆಗೆ ನಿಧಾನವಾಗಿ ಇಳಿಯುತ್ತದೆ. ಮೂರನೇ ದಿನಕ್ಕೆ ಧೈರ್ಯ ಬಂದಿದ್ದರೆ ನಿಮಗೂ ಆದೀತು. ಆ ಘಟ್ಟದಲ್ಲಿ ಹಿಂದೆ ಇಟಲಿಯಿಂದ ಬರುವ ಪ್ರಯಾಣಿಕರನ್ನು ಸ್ಥಳೀಯರು ಒಂದು ಥರದ ಜಾರುಬಂಡಿಯಲ್ಲಿ ಕೂರಿಸಿ ಕೆಳಗಿಳಿಸುತ್ತಿದ್ದರು. ರೈಲು ಬರುವ ಮುಂಚಿನ ಮಾತು. ದುಡ್ಡು ಕೊಟ್ಟು ಹಿಮದಲ್ಲಿ ಜಾರುವ ಚಟ ಅಲ್ಲಿ ಸ್ಕೀಗಿಂತ ಹಳೆಯದು!

ಕುಡ್ಲದವ

ಬೊನ್ವಾಲ್ ಸುರ್ ಆರ್ಕ್ ಯಾರೂ ಹೇಳಲಿಲ್ಲ ಮಾರಾಯ್ರೆ! ಅದೇ ಕಣಿವೆಯ ತುದಿ, 1,800 ಮೀಟರ್. ಫ್ರಾನ್ಸ್‌ನ ಅತ್ಯಂತ ಚಂದದ ಹಳ್ಳಿಗಳ ಪಟ್ಟಿಯಲ್ಲಿದೆ. ಕಲ್ಲಿನ ಮನೆ, ಕಲ್ಲಿನ ಮಾಡು. ಕರೆಂಟಿನ ತಂತಿ ಕೂಡ ನೆಲದಡಿಯಲ್ಲೇ ಹಾಕಿದ್ದಾರೆ. ಇಟಲಿ ಕಡೆಯಿಂದ ಗಾಳಿ ಬೀಸಿದಾಗ ಉಳಿದ ಆಲ್ಪ್ಸ್‌ಗೆ ಬೀಳದ ಹಿಮವೂ ಅಲ್ಲಿ ಬೀಳುತ್ತದೆ. ಬೇಸಿಗೆಯಲ್ಲಿ ಮೇಲಿನ ಇಸೆರಾಂ ಘಟ್ಟದಿಂದ ಆಚೆ ಇಳಿಯಬಹುದು, ಚಳಿಗಾಲದಲ್ಲಿ ಆ ರಸ್ತೆ ಮುಚ್ಚಿರುತ್ತದೆ. ಹಾಗಾಗಿ ರಸ್ತೆ ಅಲ್ಲಿಗೇ ಮುಗೀತು, ಜನವೂ ಕಡಿಮೆ.

ಆದರೆ ಕಾರಿಲ್ಲದೆ, ವಯಸ್ಸಾದವರನ್ನು ಕರೆದುಕೊಂಡು, ಮೂರು ದಿನಕ್ಕೆ ಅಷ್ಟು ದೂರ ಸುಮ್ನೆ ಹೋಗಬೇಡಿ. ಮೊಡಾನ್‌ನಿಂದ ಬಸ್ಸಿನಲ್ಲಿ ಒಂದು ಗಂಟೆಗೂ ಜಾಸ್ತಿ. ಇನ್ನೊಮ್ಮೆ ನೋಡುವಾ.

ಹಾಸನದ ಹುಡುಗ

ಎಲ್ಲರಿಗೂ ಥ್ಯಾಂಕ್ಸ್. ಓಸ್ವಾ ಇಷ್ಟವಾಯಿತು. ಇನ್ನು ದಡ್ಡ ಪ್ರಶ್ನೆಗಳು. ಬಾಡಿಗೆ ಮನೆ ಹುಡುಕಿದರೆ ಎಲ್ಲ ಶನಿವಾರದಿಂದ ಶನಿವಾರಕ್ಕೇ ಕೊಡುತ್ತೇವೆ ಅಂತಿದ್ದಾರೆ. ನಮಗೆ ಮೂರು ರಾತ್ರಿ ಸಾಕು. ಆಮೇಲೆ ಜನವರಿ ಬಿಟ್ಟು ಫೆಬ್ರವರಿಯಲ್ಲಿ ಹೋದರೆ ಹೇಗೆ? ಚಳಿ ಸ್ವಲ್ಪ ಕಡಿಮೆ ಇರಬಹುದು ಅನ್ನುತ್ತಾರೆ ಅಮ್ಮ.

ಲಿಯೋಂ ಲೆಕ್ಕಿಗ

ಫೆಬ್ರವರಿ ಬೇಡವೇ ಬೇಡ. ಫ್ರಾನ್ಸ್‌ನಲ್ಲಿ ಶಾಲೆಗಳ ಚಳಿಗಾಲದ ರಜೆ ಎ, ಬಿ, ಸಿ ಅಂತ ಮೂರು ವಲಯಗಳಲ್ಲಿ ಸರದಿಯ ಮೇಲೆ ಬರುತ್ತದೆ. ಒಂದೊಂದು ವಲಯಕ್ಕೂ ಎರಡು ವಾರ. ಮೂರೂ ಸೇರಿ ಫೆಬ್ರವರಿ ಪೂರ್ತಿ, ಮಾರ್ಚ್ ಮೊದಲ ವಾರದ ಆಸುಪಾಸಿನವರೆಗೂ ಎಳೆಯುತ್ತದೆ. ಪ್ಯಾರಿಸ್ ಇರುವುದು ಸಿ ವಲಯದಲ್ಲಿ. ಪ್ಯಾರಿಸ್ಸಿನವರ ರಜೆ ಶುರುವಾಗುವ ಶನಿವಾರ ಆಲ್ಪ್ಸ್ ಕಡೆಯ ರಸ್ತೆ, ರೈಲು ನೋಡಿದರೆ ದಸರಾ ರಜೆಯ ಮೆಜೆಸ್ಟಿಕ್ ನೆನಪಾಗುತ್ತದೆ. ಅದೇ ರೂಮಿಗೆ ಜನವರಿ ಮಧ್ಯದ ಎರಡರಷ್ಟು ಬಾಡಿಗೆ ಕೇಳುವುದು ಆಗಲೇ.

ಅಗ್ಗದ ಊರು ಹುಡುಕುವವರು ಮೊದಲು ಕ್ಯಾಲೆಂಡರ್ ಹಿಡಿಯಬೇಕು, ಆಮೇಲೆ ನಕ್ಷೆ. ಕ್ರಿಸ್ಮಸ್ ರಜೆ ಮುಗಿದ ಮೇಲಿಂದ ಫೆಬ್ರವರಿ ರಜೆ ಶುರುವಾಗುವವರೆಗೆ ದೊಡ್ಡ ರೆಸಾರ್ಟ್‌ಗಳಲ್ಲೂ ದರ ಇಳಿಯುತ್ತದೆ, ಹಳ್ಳಿಯಲ್ಲಂತೂ ಇನ್ನೂ ಇಳಿಯುತ್ತದೆ. ಶನಿವಾರದಿಂದ ಶನಿವಾರ ಅನ್ನುವ ಹಟವೂ ಆಗ ಸಡಿಲ. ಆನ್‌ಲೈನಿನಲ್ಲಿ ಸಿಗದಿದ್ದರೆ ಊರಿನ ಪ್ರವಾಸೋದ್ಯಮ ಕಚೇರಿಗೆ ಮೇಲ್ ಮಾಡಿ, ಮೂರು ರಾತ್ರಿಗೆ ಯಾರು ಕೊಡುತ್ತಾರೆ ಅಂತ ಕೇಳಿ. ಚಿಕ್ಕ ಊರಿನಲ್ಲಿ ನಿಜವಾಗಿಯೂ ಉತ್ತರ ಬರೆಯುತ್ತಾರೆ.

ಇನ್ನೊಂದು. ಜಾಹೀರಾತಿನಲ್ಲಿ 'ನಾಲ್ಕು ಜನಕ್ಕೆ' ಅಂತ ಇರುತ್ತದೆ, ಒಳಗೆ ಹೋದರೆ 25 ಚದರ ಮೀಟರ್. ಬಾಗಿಲ ಪಕ್ಕದ ಮೂಲೆಯಲ್ಲಿ ಒಂದರ ಮೇಲೊಂದು ಎರಡು ಮಂಚ, ಉಳಿದ ಇಬ್ಬರಿಗೆ ಬಿಚ್ಚಿ ಹಾಕುವ ಸೋಫಾ. ಅಮ್ಮನನ್ನು ಆ ಮೇಲಿನ ಮಂಚಕ್ಕೆ ಹತ್ತಿಸಬೇಡಿ. ಬೇರೆ ಮಲಗುವ ಕೋಣೆ ಇದೆಯಾ ಅಂತ ಕೇಳಿ. ಹಾಸಿಗೆ ಬಟ್ಟೆ, ಟವೆಲ್, ಕೊನೆಯ ದಿನದ ಕ್ಲೀನಿಂಗ್ ಎಷ್ಟೋ ಕಡೆ ಬಾಡಿಗೆಯಲ್ಲಿ ಸೇರಿರುವುದಿಲ್ಲ. ಬೆಡ್‌ಶೀಟ್ ಮನೆಯಿಂದಲೇ ಒಯ್ದರೆ ಉಳಿತಾಯ.

ಬೆಂಗಳೂರು ಬಿಸಿಲು

ಗುಲ್ಮಾರ್ಗ್, ಔಲಿ ಇರುವಾಗ ಫ್ರಾನ್ಸ್ ಏಕೆ?

ಕುಡ್ಲದವ

ಅವರು ಇರುವುದೇ ಪ್ಯಾರಿಸ್‌ನಲ್ಲಿ ಮಾರಾಯ. ಬೆಂಗಳೂರಿನಿಂದ ಸ್ಕೀಗಾಗಿಯೇ ಹೊರಡುವವರಿಗೆ ನಿಮ್ಮ ಮಾತು ಸರಿ.

ಫಿಸಿಯೋ ಮೇಡಂ

ಮಂಡಿ ನೋವು ಅಂದ ಕೂಡಲೇ ಒಳಗೆ ಬಂದೆ. ಅಮ್ಮ ಸ್ಕೀ ಹಾಕುವುದು ಬೇಡ, ಸರಿ. ಆದರೆ ಹಳ್ಳಿಯ ಬೀದಿಯಲ್ಲಿ ಜಾರಿ ಬೀಳುವವರೂ ಕಡಿಮೆ ಇಲ್ಲ. ಹಗಲು ಕರಗಿದ ಹಿಮ ರಾತ್ರಿ ಐಸ್ ಆಗಿರುತ್ತದೆ. ಬೂಟಿನ ಮೇಲೆ ಎಳೆದು ಹಾಕಿಕೊಳ್ಳುವ ಮುಳ್ಳಿನ ರಬ್ಬರ್ ಪಟ್ಟಿ ಸಿಗುತ್ತದೆ, ಇಬ್ಬರಿಗೂ ಒಂದೊಂದು ಜೊತೆ ತೆಗೆದುಕೊಳ್ಳಿ. ಕೈಯಲ್ಲಿ ಕೋಲಿರಲಿ.

ಈಗ ನಿಮ್ಮಿಬ್ಬರ ಮಂಡಿ. ಸ್ಕೀಯಲ್ಲಿ ಜಾಸ್ತಿ ಪೆಟ್ಟಾಗುವ ಜಾಗವೇ ಮಂಡಿ. ಬಿದ್ದಾಗ ಬೂಟು ಸ್ಕೀಯಿಂದ ಕಳಚಿಕೊಳ್ಳಬೇಕು, ಇಲ್ಲದಿದ್ದರೆ ಕಾಲು ತಿರುಚುತ್ತದೆ. ಎಷ್ಟು ಬಲಕ್ಕೆ ಕಳಚಬೇಕು ಅನ್ನುವುದನ್ನು ಬಾಡಿಗೆ ಅಂಗಡಿಯವರು ನಿಮ್ಮ ತೂಕ, ಎತ್ತರ, ವಯಸ್ಸು, ಅನುಭವ ಕೇಳಿ ಹೊಂದಿಸುತ್ತಾರೆ. ದಯವಿಟ್ಟು ತೂಕದ ವಿಷಯದಲ್ಲಿ ನಾಚಿಕೆ ಬೇಡ. ಹೆಂಡತಿ ಪಕ್ಕದಲ್ಲಿದ್ದಾಳೆ ಅಂತ 'ಇಂಟರ್ಮೀಡಿಯಟ್' ಅಂತ ಬಡಾಯಿ ಕೊಚ್ಚುವುದೂ ಬೇಡ.

ಬೂಟು ಬಿಗಿಯಾಗಿರಬೇಕು. ನೆಟ್ಟಗೆ ನಿಂತಾಗ ಬೆರಳು ಮುಂದೆ ತಾಗಬೇಕು, ಮಂಡಿ ಬಗ್ಗಿಸಿದಾಗ ಹಿಂದೆ ಸರಿಯಬೇಕು. ಸಾಕ್ಸ್ ಒಂದೇ ಜೊತೆ, ಉದ್ದದ್ದು. ಚಳಿ ಅಂತ ಎರಡು ಜೊತೆ ಹಾಕಿದರೆ ಮಡಿಕೆ ಬಿದ್ದು ಬೊಬ್ಬೆ ಏಳುತ್ತದೆ, ರಕ್ತ ಓಡದೆ ಕಾಲು ಇನ್ನಷ್ಟು ತಣ್ಣಗಾಗುತ್ತದೆ. ಜೀನ್ಸ್ ಬೇಡ, ಒದ್ದೆಯಾದರೆ ಒಣಗುವುದಿಲ್ಲ. ಹೆಲ್ಮೆಟ್ ಬಾಡಿಗೆಗೆ ಸಿಗುತ್ತದೆ, ಬಿಡಬೇಡಿ. ಸನ್‌ಸ್ಕ್ರೀನ್ ಬಗ್ಗೆ ನಮ್ಮವರು ನಗುತ್ತಾರೆ. ಹಿಮದ ಮೇಲಿಂದ ಬಿಸಿಲು ವಾಪಸ್ ಮುಖಕ್ಕೇ ಹೊಡೆಯುತ್ತದೆ, ನಮ್ಮ ಬಣ್ಣಕ್ಕೂ ಸುಡುತ್ತದೆ. ಅಪ್ಪ ಅಮ್ಮನಿಗೆ ಕಪ್ಪು ಕನ್ನಡಕ ಕೊಡಿಸಿ.

ಜಿನೀವಾ ಗಡಿಯವ

ಮೇಡಂ ಹೇಳಿದ್ದಕ್ಕೆ ಇನ್ಶೂರೆನ್ಸ್ ಸೇರಿಸುತ್ತೇನೆ. ಫ್ರಾನ್ಸ್‌ನಲ್ಲಿ ಪಿಸ್ತ್ ಮೇಲೆ ಬಿದ್ದು ಜಾರುಬಂಡಿಯಲ್ಲಿ ಕೆಳಗಿಳಿಸಿದರೆ ಅದಕ್ಕೆ ಬಿಲ್ಲು ಬರುತ್ತದೆ. ಪಾಸ್ ಕೊಳ್ಳುವಾಗ ದಿನಕ್ಕೆ ಕೆಲವೇ ಯೂರೋಗಳ ವಿಮೆ ಸೇರಿಸಿಕೊಳ್ಳಬಹುದು, 'ಕಾರೆ ನೇಜ್' ಅನ್ನುವುದು ಎಲ್ಲರಿಗೂ ಗೊತ್ತಿರುವ ಹೆಸರು. ಅಪ್ಪ ಅಮ್ಮ ಶೆಂಗೆನ್ ವೀಸಾಕ್ಕೆ ಮಾಡಿಸುವ ವಿಮೆ ಕನಿಷ್ಠ 30,000 ಯೂರೋದ್ದು ಇರಲೇಬೇಕು. ಆದರೆ ಆ ಪಾಲಿಸಿಗಳಲ್ಲಿ ಎಷ್ಟೋ ಸಲ ಚಳಿಗಾಲದ ಕ್ರೀಡೆ ಸೇರಿರುವುದಿಲ್ಲ. ಮಕ್ಕಳ ಜಾರುಬಂಡಿ ಹತ್ತುವ ಮನಸ್ಸು ಅಪ್ಪನಿಗೆ ಬಂದೀತು, ಸಣ್ಣ ಅಕ್ಷರ ಓದಿ ಇಡಿ.

ಕ್ಲಾಸಿನ ವಿಷಯ. ಗುಂಪಿನ ಪಾಠ ಸಾಮಾನ್ಯವಾಗಿ ಭಾನುವಾರ ಅಥವಾ ಸೋಮವಾರ ಶುರುವಾಗಿ ವಾರ ಪೂರ್ತಿ ನಡೆಯುತ್ತದೆ. ಗುರುವಾರ ಸಂಜೆ ಬಂದಿಳಿಯುವ ನಿಮಗೆ ಅದು ಉಪಯೋಗವಿಲ್ಲ. ಇಬ್ಬರೂ ಸೇರಿ ಖಾಸಗಿ ಪಾಠ ತೆಗೆದುಕೊಳ್ಳಿ. ಶುಕ್ರವಾರ ಬೆಳಿಗ್ಗೆ ಎರಡು ಗಂಟೆ, ಶನಿವಾರ ಒಂದು ಗಂಟೆ. ದರ ಗಂಟೆಗೆ, ತಲೆಗಲ್ಲ, ಹಾಗಾಗಿ ಹಂಚಿಕೊಂಡರೆ ಭಾರ ಆಗುವುದಿಲ್ಲ. ಇದೊಂದರಲ್ಲಿ ಮಾತ್ರ ಜಿಪುಣತನ ಬೇಡ. ಯೂಟ್ಯೂಬ್ ನೋಡಿ ಕಲಿತವರನ್ನು ಪಿಸ್ತ್ ಮೇಲೆ ದೂರದಿಂದಲೇ ಗುರುತಿಸಬಹುದು.

ಎಷ್ಟೋ ಕಡೆ ಕಲಿಯುವವರಿಗೆ ಅಂತಲೇ ಕೆಳಗಿನ ಕೆಲವು ಲಿಫ್ಟ್‌ಗಳ ಅಗ್ಗದ ಪಾಸ್ ಇರುತ್ತದೆ. ಕೌಂಟರಿನಲ್ಲಿ ಅದನ್ನೇ ಮೊದಲು ಕೇಳಿ. ಪೂರ್ತಿ ಬೆಟ್ಟದ ಪಾಸ್ ಮೊದಲ ದಿನ ದಂಡ.

ಪಿಸ್ತ್‌ಗಳ ಬಣ್ಣಗಳು, ಸುಲಭದಿಂದ ಕಷ್ಟಕ್ಕೆ: ಹಸಿರು, ನೀಲಿ, ಕೆಂಪು, ಕಪ್ಪು. ನೀವು ಹಸಿರು ಬಿಟ್ಟು ಆಚೆ ಈಚೆ ನೋಡಬೇಡಿ. ನಿಮ್ಮ ಮುಂದೆ, ಕೆಳಗೆ ಇರುವವರಿಗೆ ದಾರಿಯ ಹಕ್ಕು. ಹಿಂದಿನಿಂದ ಬರುವವರು ತಪ್ಪಿಸಿಕೊಂಡು ಹೋಗಬೇಕು.

ಪುಳಿಯೋಗರೆ ಪ್ರೇಮಿ

ಒಂದು ವಿಷಯ ಯಾರೂ ಹೇಳಲಿಲ್ಲ. ತುದಿಯಲ್ಲಿ ತಟ್ಟೆಯಾಕಾರದ ಬಿಲ್ಲೆ ಇರುವ ಲಿಫ್ಟ್ ಬರುತ್ತದೆ, ಅದನ್ನು ಕಾಲುಗಳ ನಡುವೆ ಸಿಕ್ಕಿಸಿಕೊಳ್ಳಬೇಕು. ಅದರ ಮೇಲೆ ಕೂರಬೇಡಿ! ಅದು ಕುರ್ಚಿ ಅಲ್ಲ, ಎಳೆಯುವ ಹಗ್ಗ. ಕೂತರೆ ಸೀದಾ ನೆಲ. ನಿಂತೇ ಇರಿ, ಅದು ಎಳೆದುಕೊಂಡು ಹೋಗುತ್ತದೆ. ಬಿದ್ದರೆ ತಕ್ಷಣ ಕೈಬಿಟ್ಟು ಪಕ್ಕಕ್ಕೆ ಸರಿಯಿರಿ, ಹಿಂದೆ ಒಬ್ಬರು ಬರುತ್ತಿರುತ್ತಾರೆ.

ಊಟ. ಸವ್ವಾ ಅಂದರೆ ಚೀಸು, ಆಲೂಗಡ್ಡೆ, ಹಂದಿ. ತಾರ್ತಿಫ್ಲೆತ್ ಅಂತ ಎಲ್ಲ ಕಡೆ ಸಿಗುತ್ತದೆ. ಆಲೂಗಡ್ಡೆ, ರೆಬ್ಲೋಶೋಂ ಚೀಸು, ಈರುಳ್ಳಿ, ಜೊತೆಗೆ ಹಂದಿಮಾಂಸದ ಚೂರು. ಚೂರು ಹಾಕದೆ ಮಾಡಿ ಅಂದರೆ ಕೆಲವರು ಮಾಡಿಕೊಡುತ್ತಾರೆ. ಕ್ರೋಜೆ ಅಂತ ಚೌಕಾಕಾರದ ಸಣ್ಣ ಪಾಸ್ತಾ ಇದೆ, ಬಕ್‌ವೀಟ್, ಅಂದರೆ ಕುಟ್ಟು ಹಿಟ್ಟಿನದು. ಅಂಗಡಿಯಿಂದ ತಂದು ಬೇಯಿಸಿ, ಒಗ್ಗರಣೆ ಕೊಟ್ಟು ನೋಡಿ. ಇದು ನನ್ನ ಆವಿಷ್ಕಾರ, ಫ್ರೆಂಚರಿಗೆ ಹೇಳಬೇಡಿ.

ಅಪ್ಪ ಕಟ್ಟುನಿಟ್ಟಾಗಿದ್ದರೆ ಒಂದು ಮಾತು. ಬೋಫೋರ್, ರೆಬ್ಲೋಶೋಂ ಎರಡೂ ಚೀಸಿಗೂ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ಹೇಳಬೇಕೋ ಬೇಡವೋ ನಿಮ್ಮ ಮನೆಗೆ ಬಿಟ್ಟದ್ದು. ನಾನಾದರೆ ಹೇಳುತ್ತೇನೆ. ಮೂರು ದಿನ ಅನ್ನ, ಸಾರು, ಮೊಸರು, ಬೆಳಿಗ್ಗೆ ಬಿಸಿ ಬ್ರೆಡ್ಡು. ಹೋಟೆಲಿನ ಖರ್ಚೂ ಉಳಿಯಿತು.

ಕೋಲಾರದ ಕಣ

ಮೊಡಾನ್ ಅನ್ನುವ ಹೆಸರು ನೋಡಿ ನಿಲ್ಲಲಾಗಲಿಲ್ಲ. ವಿಷಯಾಂತರ, ಕ್ಷಮಿಸಿ. ಓಸ್ವಾದಲ್ಲಿ ಫ್ರಾನ್ಸ್‌ನ ಸಿಎನ್‌ಆರ್‌ಎಸ್ ವಿಜ್ಞಾನ ಸಂಸ್ಥೆಯ ನೌಕರರ ಸಂಘದ್ದೊಂದು ವಸತಿ ಕೇಂದ್ರ ಇದೆ, ಭೌತವಿಜ್ಞಾನಿ ಪಾಲ್ ಲಾಂಜೆವಾಂ ಹೆಸರಿನದು. ಭೌತಶಾಸ್ತ್ರದವರ ಶಿಬಿರಗಳು ಅಲ್ಲಿ ನಡೆಯುತ್ತಿರುತ್ತವೆ. ನಾನು ಆ ಊರು ನೋಡಿದ್ದು ಹಾಗೆ.

ಮೊಡಾನ್‌ನಿಂದ ಇಟಲಿಗೆ ಬೆಟ್ಟದೊಳಗೆ ಫ್ರೆಜುಸ್ ಸುರಂಗ ಹೋಗುತ್ತದೆ. ರೈಲಿನದು 1871ರದ್ದು, ರಸ್ತೆಯದು 1980ರದ್ದು. ರಸ್ತೆ ಸುರಂಗ ಸುಮಾರು 13 ಕಿಲೋಮೀಟರ್. ಅದರ ಮಧ್ಯದಲ್ಲಿ, ತಲೆಯ ಮೇಲೆ 1,700 ಮೀಟರ್ ಬಂಡೆ ಇರುವ ಜಾಗದಲ್ಲಿ ಒಂದು ಪ್ರಯೋಗಾಲಯ ಇದೆ. ಪರಮಾಣುವಿನೊಳಗಿನ ಪ್ರೋಟಾನ್ ಕಣ ಯಾವಾಗಲಾದರೂ ತಾನಾಗಿ ಒಡೆಯುತ್ತದಾ ಅಂತ ನೋಡಲು 1980ರ ದಶಕದಲ್ಲಿ ಅಲ್ಲಿ ನೂರಾರು ಟನ್ ಕಬ್ಬಿಣದ ಯಂತ್ರ ಇಟ್ಟಿದ್ದರು. ಅದೇ ಕಾಲದಲ್ಲಿ ಅದೇ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದ ಇನ್ನೊಂದು ಯಂತ್ರ ಎಲ್ಲಿತ್ತು? ನಮ್ಮ ಕೆಜಿಎಫ್‌ನಲ್ಲಿ! ಚಿನ್ನದ ಗಣಿಯೊಳಗೆ ಎರಡು ಕಿಲೋಮೀಟರಿಗೂ ಕೆಳಗೆ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು, ಜಪಾನಿನ ವಿಜ್ಞಾನಿಗಳು ಸೇರಿ ಮಾಡಿದ್ದು. ಕೆಜಿಎಫ್‌ನವರು ಒಂದಷ್ಟು ಘಟನೆಗಳು ಹಾಗೆ ಕಾಣುತ್ತಿವೆ ಅಂದರು, ಫ್ರೆಜುಸ್‌ನವರಿಗೆ ಒಂದೂ ಸಿಗಲಿಲ್ಲ. ಪ್ರೋಟಾನ್ ಇವತ್ತಿಗೂ ಒಡೆದದ್ದನ್ನು ಯಾರೂ ಖಚಿತವಾಗಿ ನೋಡಿಲ್ಲ. ನಮ್ಮ ಗಣಿ 2001ರಲ್ಲಿ ಮುಚ್ಚಿತು, ಅವರ ಪ್ರಯೋಗಾಲಯ ನಡೆಯುತ್ತಿದೆ. ಹೊಟ್ಟೆ ಉರಿಯುತ್ತದೆ, ಏನು ಮಾಡುವುದು.

ಅಪ್ಪ ಅಮ್ಮನಿಗೆ ನೋಡಲು ಎಸ್ಸೆಯೋಂ ಕೋಟೆಗಳಿವೆ. ಓಸ್ವಾದ ಕೆಳಗೆ, ಕಂದರದ ಅಂಚಿನಲ್ಲಿ ಐದು ಕೋಟೆ. 1819ರಿಂದ 1834ರವರೆಗೆ ಕಟ್ಟಿದ್ದು. ಕಟ್ಟಿದವರು ಫ್ರೆಂಚರಲ್ಲ, ಆಗ ಸವ್ವಾ ಆಳುತ್ತಿದ್ದ ಪೀಡ್ಮಾಂಟಿನ (ಈಗ ಇಟಲಿಯ ಭಾಗ) ರಾಜರು, ಫ್ರೆಂಚರು ಬರದಂತೆ ತಡೆಯಲು. ಒಂದೊಂದಕ್ಕೂ ರಾಜಮನೆತನದವರ ಹೆಸರು. 1860ರಲ್ಲಿ ಸವ್ವಾ ಇಡೀ ಒಪ್ಪಂದದ ಮೇಲೆ ಫ್ರಾನ್ಸಿಗೆ ಹೋಯಿತು, ಕೋಟೆಗಳೂ ಹೋದವು. ಯಾರನ್ನು ತಡೆಯಲು ಕಟ್ಟಿದರೋ ಅವರ ಕೈಗೇ! ಚಿತ್ರದುರ್ಗ ನೋಡಿದವರಿಗೆ ಇವು ಚಿಕ್ಕವು ಅನ್ನಿಸಬಹುದು, ಆದರೆ ಹಿಮದ ನಡುವೆ ಮಜಾ ಇರುತ್ತದೆ. ಹಳ್ಳಿಯ ಅಂಚಿನಿಂದಲೇ ನೋಡಿ ವಾಪಸ್ ಬನ್ನಿ, ಮಂಡಿ ನೋವಿನವರು ಕೆಳಗಿಳಿಯುವುದು ಬೇಡ. ಇನ್ನೊಂದು ಕಡೆ ತಲೆ ಎತ್ತಿದರೆ ದಾಂ ಪರಾಶೆ ಶಿಖರ, 3,697 ಮೀಟರ್.

ಲಿಯೋಂ ಲೆಕ್ಕಿಗ

ಕೋಲಾರದವರೇ, ಸ್ಕೀ ಎಳೆಯಲ್ಲಿ ಪ್ರೋಟಾನ್ ಓದುತ್ತೇನೆ ಅಂದುಕೊಂಡಿರಲಿಲ್ಲ. ಸಂತೋಷವಾಯಿತು.

ಇನ್ನೊಂದು ಎಚ್ಚರಿಕೆ, ಬೇರೆ 'ಅಗ್ಗದ ಹಳ್ಳಿ' ಹುಡುಕುವವರಿಗೆ. ದರ ನೋಡುವಾಗ ಎತ್ತರವನ್ನೂ ನೋಡಿ. ಸಾವಿರ ಮೀಟರ್ ಆಸುಪಾಸಿನ ಊರುಗಳಲ್ಲಿ ಈಗ ಹಿಮ ನಂಬುವಂತಿಲ್ಲ. ಜ್ಯೂರಾ ಬೆಟ್ಟಗಳ ಮೆಟಾಬಿಯೆಫ್ ಇಳಿಜಾರಿನ ಸ್ಕೀಯನ್ನು ಹಂತ ಹಂತವಾಗಿ ಬಿಡಲು ತಾನೇ ತಯಾರಾಗುತ್ತಿದೆ. ದಕ್ಷಿಣದ ಗ್ರಾಂ ಪುಯಿ ಅನ್ನುವ ಪುಟ್ಟ ಸ್ಕೀ ಊರನ್ನು 2024ರಲ್ಲಿ ಜನರೇ ಮತ ಹಾಕಿ ಮುಚ್ಚಿದರು. ಅಂಥ ಕಡೆ ರದ್ದು ಮಾಡಲು ಬರುವ ಬುಕಿಂಗ್ ಮಾತ್ರ ಮಾಡಿ.

ಕಾರಿನಲ್ಲಿ ಹೋಗುವವರಿಗೆ: ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಗುಡ್ಡಗಾಡಿನ ಗುರುತಿಸಿದ ಊರುಗಳಲ್ಲಿ ಹಿಮದ ಟೈರು ಅಥವಾ ಚೈನು ಕಡ್ಡಾಯ. ಬಯಲು ಸೀಮೆಯಲ್ಲಿ ಬಾಡಿಗೆಗೆ ತೆಗೆದ ಕಾರಿನಲ್ಲಿ ಎರಡೂ ಇಲ್ಲದಿರಬಹುದು. ಕೇಳಿಯೇ ಕೀಲಿ ತೆಗೆದುಕೊಳ್ಳಿ.

ಹಾಸನದ ಹುಡುಗ

ಜನವರಿ ಮೂರನೇ ವಾರಕ್ಕೆ ಟಿಕೆಟ್ ಆಯಿತು. ಪ್ರವಾಸೋದ್ಯಮ ಕಚೇರಿಯವರು ನಿಜವಾಗಿಯೂ ಉತ್ತರ ಬರೆದರು. ಮಲಗುವ ಕೋಣೆ ಬೇರೆ ಇರುವ ಮನೆ ಸಿಕ್ಕಿದೆ, ಮೂರು ರಾತ್ರಿಗೆ. ಅಪ್ಪನಿಗೆ ಚೀಸಿನ ವಿಷಯ ಹೇಳಿದೆ. 'ಹಾಗಾದರೆ ಕುಕ್ಕರ್ ಹಿಡ್ಕೊಳ್ಳಿ' ಅಂದರು. ಟಿಜಿವಿಯಲ್ಲಿ ಪ್ರೆಶರ್ ಕುಕ್ಕರ್ ಒಯ್ಯಬಹುದಾ?

ಪುಳಿಯೋಗರೆ ಪ್ರೇಮಿ

ಧಾರಾಳವಾಗಿ. ಒಬ್ಬರಿಗೆ ಎರಡು ಸೂಟ್‌ಕೇಸು, ಒಂದು ಕೈಚೀಲ. ಎಲ್ಲದರ ಮೇಲೂ ಹೆಸರಿನ ಚೀಟಿ ಇರಬೇಕು, ಇಲ್ಲದಿದ್ದರೆ ದಂಡ ಹಾಕಬಹುದು. ಕುಕ್ಕರ್ ಒಯ್ಯುವುದು ಜಾಣತನವೇ. 1,500 ಮೀಟರ್ ಎತ್ತರದಲ್ಲಿ ನೀರು 95 ಡಿಗ್ರಿಯ ಹತ್ತಿರವೇ ಕುದಿಯುತ್ತದೆ, ತೆರೆದ ಪಾತ್ರೆಯಲ್ಲಿ ಬೇಳೆ ಬೇಯುವ ಹೊತ್ತಿಗೆ ಲಿಫ್ಟ್ ಮುಚ್ಚಿರುತ್ತದೆ. ಅಲ್ಲಿಯ ಕರೆಂಟ್ ಒಲೆ ಇಂಡಕ್ಷನ್ನೋ ಅಲ್ಲವೋ ಕೇಳಿಕೊಳ್ಳಿ. ಇಂಡಕ್ಷನ್ ಆಗಿದ್ದರೆ ಅಲ್ಯುಮಿನಿಯಂ ಕುಕ್ಕರ್ ಬಿಸಿಯಾಗುವುದಿಲ್ಲ, ಸ್ಟೀಲಿನದು ಒಯ್ಯಿರಿ.

ಹಾಸನದ ಹುಡುಗ

ಇರುವುದು ಅಲ್ಯುಮಿನಿಯಂ. ಮನೆಯವರಿಗೆ ಈಗಲೇ ಮೇಲ್ ಹಾಕುತ್ತೇನೆ.